ಸ್ಲೈಡ್ ಎಳೆಯಲಾಗದ ಕೈಗೊಂದು ಪಿಸ್ತೂಲು

ಚಪ್ಪಲಿ ಕೊಳ್ಳುವಾಗಲಾದರೂ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಮೊದಲ ಪಿಸ್ತೂಲು ಕೊಂಡಾಗ ನಾನು ಅಷ್ಟನ್ನೂ ಮಾಡಿರಲಿಲ್ಲ. ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಚಿಕ್ಕದು, ಹಗುರದ್ದು, ಬೆಲೆಯಲ್ಲಿ ಕೆಳಗಿನಿಂದ ಎರಡನೆಯದು. ಹೆಂಗಸರ ಕೈಗೆ ಹೇಳಿ ಮಾಡಿಸಿದಂತಿದೆ ಎಂದು ಮಾರುವವರು ಅಂದರು, ನನಗೂ ಹೌದೆನ್ನಿಸಿತು. ಕಾಲು ಕಿಲೋಗಿಂತ ಚೂರು ಹೆಚ್ಚು ತೂಕ, .380 ಎಂಬ ಸಣ್ಣ ಅಳತೆಯ ಗುಂಡು, ಗುಂಡು ತುಂಬುವ ಮ್ಯಾಗಝೀನಿಗೆ 6. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಬರುವವಳಿಗೆ ಇನ್ನೇನು ಬೇಕು ಅಂದುಕೊಂಡೆ.

ರೇಂಜಿನಲ್ಲಿ ಮೊದಲ ಮ್ಯಾಗಝೀನ್ ಖಾಲಿಯಾಗುವಷ್ಟರಲ್ಲಿ ಹೆಬ್ಬೆರಳಿನ ಬುಡ ಉರಿಯುತ್ತಿತ್ತು. 7 ಮೀಟರ್ ದೂರದ ಕಾಗದದಲ್ಲಿ 6ಕ್ಕೆ 2 ತೂತು, ಅವೂ ಒಂದನ್ನೊಂದು ನೋಡಲಾರೆವೆಂಬಂತೆ ಎರಡು ಮೂಲೆಯಲ್ಲಿ. 50 ಗುಂಡಿನ ಡಬ್ಬಿ ಒಯ್ದಿದ್ದೆ, 20ಕ್ಕೇ ಸಾಕಾಗಿ ವಾಪಸು ಬಂದೆ. ಆಮೇಲೆ ಎರಡು ತಿಂಗಳು ಅದರ ತಂಟೆಗೇ ಹೋಗಲಿಲ್ಲ. ಅಭ್ಯಾಸಕ್ಕೇ ಕೈ ಹೋಗದ ಆಯುಧವನ್ನು ಆಪತ್ತಿಗೆಂದು ಇಟ್ಟುಕೊಂಡು ಮಾಡುವುದೇನು?

ತಪ್ಪು ಆ ಪಿಸ್ತೂಲಿನದಲ್ಲ. ಗುಂಡು ಮುಂದಕ್ಕೆ ಚಿಮ್ಮಿದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ, ಪಿಸ್ತೂಲು ಹಗುರವಾದಷ್ಟೂ ಒದೆತ ಕೈಗೆ ಜೋರು. ಹಿಡಿ ಗಿಡ್ಡವಾದರೆ ಕಿರುಬೆರಳಿಗೆ ಜಾಗವಿಲ್ಲ, ನಳಿಗೆ ಗಿಡ್ಡವಾದರೆ ಗುರಿ ಹಿಡಿಯಲು ಮೇಲಿರುವ ಗುರುತುಗಳಲ್ಲಿ ಮುಂದಿನ ಸೈಟು ಹಿಂದಿನ ಸೈಟಿಗೆ ತೀರ ಹತ್ತಿರ ಬಂದು, ಗುರಿಯಲ್ಲಿ ಕೂದಲೆಳೆಯಷ್ಟು ಆಚೀಚೆಯಾದರೂ ಕಾಗದದ ಮೇಲೆ ಅಂಗೈಯಷ್ಟಾಗುತ್ತದೆ. ಅತಿ ಚಿಕ್ಕ ಪಿಸ್ತೂಲು ಹೊರುವವರಿಗೆ ಸುಖ, ಹಾರಿಸುವವರಿಗೆ ಶಿಕ್ಷೆ. ಪಳಗಿದವರು ಅದರಲ್ಲೂ ಚೆನ್ನಾಗಿ ಹೊಡೆಯುತ್ತಾರೆ. ನಾನು ಪಳಗಿರಲಿಲ್ಲ.

ಎರಡನೇ ಸಲ ಬುದ್ಧಿ ಬಂದಿತ್ತು. ಮೊದಲಿನದನ್ನು ನಷ್ಟಕ್ಕೆ ಮಾರಿ, ತರಬೇತಿ ಕೊಡುವ ಒಬ್ಬರ ಬಳಿ ಹೋಗಿ, ಅವರಲ್ಲಿದ್ದ ಬೇರೆ ಬೇರೆ ಪಿಸ್ತೂಲುಗಳನ್ನು ಮೂರು ವಾರಾಂತ್ಯ ಹಾರಿಸಿ ನೋಡಿದೆ. ಪರವಾನಗಿಯ ವಿಷಯ ಒಂದೊಂದು ಕಡೆ ಒಂದೊಂದು ಥರ, ಅದನ್ನು ಇಲ್ಲಿ ಎಳೆದು ತರುವುದಿಲ್ಲ.

ಮೊದಲು ರಿವಾಲ್ವರ್. ನಮ್ಮವರ ಒತ್ತಾಯ ಅದೇ ಆಗಿತ್ತು. ಸಿಕ್ಕಿಕೊಳ್ಳುವುದಿಲ್ಲ, ತಲೆಬಿಸಿ ಇಲ್ಲ, ಒತ್ತಿದರೆ ಹಾರುತ್ತದೆ ಅನ್ನುವುದು ಅವರ ವಾದ. ಒತ್ತುವುದೇ ಕಷ್ಟವೆಂದು ಅವರಿಗೆ ಗೊತ್ತಿರಲಿಲ್ಲ. 5 ಗುಂಡಿನ ಪುಟ್ಟ ರಿವಾಲ್ವರುಗಳಲ್ಲಿ ಟ್ರಿಗರ್ ಎಳೆಯಲು ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದೂವರೆ ಕಿಲೋ ಬಲ ಬೇಕು. ಅಲ್ಯುಮಿನಿಯಂ ಮೈಯ ರಿವಾಲ್ವರಿನ ತೂಕವೋ 400 ಗ್ರಾಂ ಆಸುಪಾಸು. ತನ್ನ ತೂಕದ ಹತ್ತು ಪಟ್ಟಿಗಿಂತ ಹೆಚ್ಚು ಬಲದಿಂದ ಎಳೆಸಿಕೊಳ್ಳುವ ವಸ್ತು ಕೈಯಲ್ಲಿ ಅಲುಗಾಡದೆ ಇರುತ್ತದೆಯೇ? ಇವತ್ತಿನ ಬಹುತೇಕ ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಮೈಯ ಪಿಸ್ತೂಲುಗಳಲ್ಲಿ ಅದೇ ಕೆಲಸಕ್ಕೆ ಎರಡೂವರೆ ಕಿಲೋ ಹತ್ತಿರ ಸಾಕು. ರಿವಾಲ್ವರ್ ನನ್ನ ಪಟ್ಟಿಯಿಂದ ಹೋಯಿತು.

ಪಿಸ್ತೂಲಿನಲ್ಲಿ ನನ್ನ ಕಷ್ಟ ಬೇರೆ: ಸ್ಲೈಡ್, ಅಂದರೆ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗ. ಅದನ್ನು ಪೂರ್ತಿ ಹಿಂದಕ್ಕೆಳೆದು ಬಿಟ್ಟರೆ ತಾನೇ ಮೊದಲ ಗುಂಡು ನಳಿಗೆಗೆ ಬರುವುದು. ಗುಂಡು ಚಿಕ್ಕದಾದರೆ ಸ್ಲೈಡೂ ಸಡಿಲವಿರುತ್ತದೆ ಎಂದುಕೊಂಡು, .380ರ ಹಳೆಯ ಮಾದರಿಯ ವಾಲ್ಥರ್ ಪಿಪಿಕೆ ಹಿಡಿದೆ. ಅರ್ಧ ದಾರಿಗೆ ಬಂದು ನಿಂತೇಬಿಟ್ಟಿತು. ತರಬೇತುದಾರರು ನಕ್ಕು ಕಾರಣ ಹೇಳಿದರು. 1931ರ ಆ ವಿನ್ಯಾಸದಲ್ಲಿ ನಳಿಗೆಗೂ ಸ್ಲೈಡಿಗೂ ಕೊಂಡಿ ಇಲ್ಲ. ಗುಂಡು ಹೊರಬೀಳುವವರೆಗೆ ಸ್ಲೈಡನ್ನು ಮುಂದೆ ತಡೆದಿಡುವುದು ಅದರದೇ ತೂಕ ಮತ್ತು ಒಂದು ಗಟ್ಟಿ ಸ್ಪ್ರಿಂಗ್ ಅಷ್ಟೆ. ಅದಕ್ಕಿಂತ ದೊಡ್ಡ 9 ಎಂಎಂ ಗುಂಡಿನ ಬಹುತೇಕ ಪಿಸ್ತೂಲುಗಳಲ್ಲಿ ನಳಿಗೆ ಮತ್ತು ಸ್ಲೈಡ್ ಆ ಕ್ಷಣಕ್ಕೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ಹಾಗಾಗಿ ಸ್ಪ್ರಿಂಗ್ ಅಷ್ಟು ಗಟ್ಟಿ ಇರಬೇಕಿಲ್ಲ. ನನ್ನಂಥ ಕೈಯವರಿಗೆಂದೇ ಸ್ಮಿತ್ ಅಂಡ್ ವೆಸನ್‌ನವರು 2018ರಲ್ಲಿ .380ಕ್ಕೂ 2020ರಲ್ಲಿ 9 ಎಂಎಂಗೂ ಶೀಲ್ಡ್ ಈಝಡ್ ಎಂಬ ಮಾದರಿ ತಂದಿದ್ದಾರೆ. ಅದರ ಸ್ಲೈಡ್ ನಿಜಕ್ಕೂ ಬೆಣ್ಣೆ.

ಆದರೆ ಅದನ್ನೂ ಕೊಳ್ಳಲಿಲ್ಲ, ಏಕೆಂದರೆ ನನ್ನ ಸಮಸ್ಯೆಯಲ್ಲಿ ಮುಕ್ಕಾಲು ಪಾಲು ಬಲದ್ದಲ್ಲ, ವಿಧಾನದ್ದು. ನಾನು ಸ್ಲೈಡಿನ ತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಚಿವುಟಿ ಎಳೆಯುತ್ತಿದ್ದೆ. ಎಡ ಅಂಗೈಯನ್ನು ಸ್ಲೈಡಿನ ಮೇಲೆ ಪೂರ್ತಿ ಕವುಚಿ, ಪಿಸ್ತೂಲನ್ನು ಎದೆಗೆ ಹತ್ತಿರ ತಂದು, ನಳಿಗೆಯ ಬಾಯಿ ಮಾತ್ರ ಗುರಿಯ ಕಡೆಗೇ ಇಟ್ಟು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿ ಎಂದರು ತರಬೇತುದಾರರು. ಎಳೆಯಬೇಡಿ, ತಳ್ಳಿ. ಅರ್ಧ ಗಂಟೆಯಲ್ಲಿ ಬಂತು. ಸ್ಲೈಡ್ ಗಟ್ಟಿ ಎಂದು ಯಾರಾದರೂ ಪಿಸ್ತೂಲು ಬದಲಿಸಲು ಹೊರಟರೆ ನಾನೀಗ ಮೊದಲು ಕೈ ಹೇಗಿಡುತ್ತೀರಿ ಅಂತ ಕೇಳುತ್ತೇನೆ.

ಗಾತ್ರದ ವಿಷಯಕ್ಕೆ ಬಂದರೆ, ಕಾಂಪ್ಯಾಕ್ಟ್ ಎಂಬ ಪದವನ್ನು ಮಾರುವವರು ಮನಬಂದಂತೆ ಬಳಸುತ್ತಾರೆ. ಗ್ಲಾಕ್ 19 ಕೂಡ ಕಾಂಪ್ಯಾಕ್ಟೇ: ನಳಿಗೆ 102 ಮಿಲಿಮೀಟರ್, ಖಾಲಿ ಮೈ ಸುಮಾರು 600 ಗ್ರಾಂ, ಮ್ಯಾಗಝೀನಿಗೆ 15 ಗುಂಡು. ಹಾರಿಸಿದವುಗಳಲ್ಲಿ ನನಗೆ ಅತಿ ಹಿತವಾಗಿದ್ದುದು ಅದೇ, ಆದರೆ ಸೊಂಟದಲ್ಲಿ ಇಟ್ಟುಕೊಂಡು ಕೂತರೆ ಪಕ್ಕೆಗೆ ಒತ್ತುತ್ತಿತ್ತು, ನನ್ನ ತೋರುಬೆರಳು ಟ್ರಿಗರನ್ನು ತುದಿಯಲ್ಲಷ್ಟೇ ಮುಟ್ಟುತ್ತಿತ್ತು. ಅದಕ್ಕಿಂತ ಚಿಕ್ಕವುಗಳಲ್ಲಿ ದೊಡ್ಡ ಬದಲಾವಣೆ ಬಂದದ್ದು 2018ರಲ್ಲಿ ಸಿಗ್ ಪಿ365 ಬಂದ ಮೇಲೆ. ಅದಕ್ಕೆ ಮೊದಲು ಆ ಗಾತ್ರದ ಸಪೂರ ಪಿಸ್ತೂಲೆಂದರೆ, 2015ರ ಗ್ಲಾಕ್ 43ರ ಹಾಗೆ, 6 ಗುಂಡಿಗೆ ತೃಪ್ತಿಪಡಬೇಕಿತ್ತು. ಪಿ365 ಹೆಚ್ಚುಕಡಿಮೆ ಅಷ್ಟೇ ಮೈಯಲ್ಲಿ 10 ತುಂಬಿಸಿತು. ಮರುವರ್ಷ ಸ್ಪ್ರಿಂಗ್‌ಫೀಲ್ಡ್‌ನವರ ಹೆಲ್‌ಕ್ಯಾಟ್ ಬಂತು. ಅಗ್ಗದ ಸಾಲಿನಲ್ಲಿ ಟಾರಸ್ ಜಿ3ಸಿ 12 ಗುಂಡು ಹಿಡಿಯುತ್ತದೆ. ಹೀಗೆ ಹೊಸವು ಬಂದಂತೆ ಹಳೆಯ ಒಳ್ಳೆಯ ಪಿಸ್ತೂಲುಗಳು ಬಳಸಿದ ಮಾಲಾಗಿ ಕಡಿಮೆ ಬೆಲೆಗೆ ಸಿಗುತ್ತವೆ, ಅದು ನಮ್ಮಂಥವರ ಪುಣ್ಯ.

ನಾನು ಕೊಂಡದ್ದು ಅಂಥದ್ದೇ ಒಂದು, ಬಳಸಿದ 9 ಎಂಎಂ. ತೂಕ ಅರ್ಧ ಕಿಲೋ ದಾಟಿದ್ದು, ಕಿರುಬೆರಳಿಗೆ ಜಾಗ ಇರುವ ಸಪೂರ ಹಿಡಿ. ಹೆಸರು ಹೇಳಿದರೆ ಮಾತು ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ, ಹಾಗಾಗಿ ಬೇಡ.

9 ಎಂಎಂ ಯಾಕೆಂದರೆ, ಸತ್ಯ ಹೇಳಬೇಕೆಂದರೆ, ಗುಂಡು ಅಗ್ಗ. 1902ರಿಂದ ಇರುವ ಗುಂಡು ಅದು. ಸೇನೆ, ಪೊಲೀಸರು ಅದನ್ನೇ ಬಳಸುವುದರಿಂದ ಮಣಗಟ್ಟಲೆ ತಯಾರಾಗುತ್ತದೆ. ಅದಕ್ಕಿಂತ ಚಿಕ್ಕದಾದ .380 ಸಾಮಾನ್ಯವಾಗಿ ಅದಕ್ಕಿಂತ ದುಬಾರಿ, ವಿಚಿತ್ರ ಆದರೂ ನಿಜ. ಮೊದಲ ಸಲ ಪಿಸ್ತೂಲಿನ ಬೆಲೆಯಲ್ಲಿ ಉಳಿಸಿ ಗುಂಡಿನಲ್ಲಿ ಕಳೆಯುತ್ತಿದ್ದೆ. ಎರಡನೇ ಸಲ ಇಟ್ಟ ಒಟ್ಟು ಹಣವನ್ನು ನೂರು ಪಾಲು ಮಾಡಿ ನೋಡಿದರೆ ಪಿಸ್ತೂಲಿಗೆ ಹೋದದ್ದು 45, ಗುಂಡಿಗೆ 25, ತರಬೇತಿಗೆ 15, ಉಳಿದದ್ದು ಪಿಸ್ತೂಲು ಸಿಕ್ಕಿಸಿಕೊಳ್ಳುವ ಹೋಲ್‌ಸ್ಟರ್, ಬೆಲ್ಟ್, ಬೀಗದ ಪೆಟ್ಟಿಗೆ. ಪಿಸ್ತೂಲಿಗೇ 80 ಸುರಿದಿದ್ದರೆ ಇನ್ನೂ ಹೊಳೆಯುವಂಥದ್ದು ಬರುತ್ತಿತ್ತು, ಆದರೆ ಅದು ಪೆಟ್ಟಿಗೆಯಲ್ಲೇ ಹೊಳೆಯುತ್ತಿತ್ತು.

ಬಳಸಿದ್ದನ್ನು ನೋಡುವಾಗ ಮೊದಲು ಮ್ಯಾಗಝೀನ್ ತೆಗೆದು, ಆಮೇಲೆ ಸ್ಲೈಡ್ ಎಳೆದು ಹಿಡಿದು, ನಳಿಗೆಯ ಹಿಂಬಾಯಿಗೆ ಕಣ್ಣೂ ಕಿರುಬೆರಳೂ ಎರಡನ್ನೂ ಹಾಕಿದೆ. ಈ ಕ್ರಮ ತಿರುವುಮುರುವಾದರೆ ಖಾಲಿ ಮಾಡಿದೆನೆಂದುಕೊಂಡು ಮ್ಯಾಗಝೀನಿನ ಗುಂಡೊಂದನ್ನು ನಾವೇ ನಳಿಗೆಗೆ ಏರಿಸಿಟ್ಟಿರುತ್ತೇವೆ. ನಳಿಗೆಯೊಳಗಿನ ಸುರುಳಿ ಗೆರೆಗಳು ಚೊಕ್ಕವಾಗಿರಬೇಕು, ತುಕ್ಕಿನ ಗುಳಿ ಇರಬಾರದು, ನಳಿಗೆಯ ಬಾಯಂಚಿನಲ್ಲಿ ಪೆಟ್ಟಿರಬಾರದು. ಸ್ಲೈಡಿನ ಹೊರಮೈ ಸವೆದಿದ್ದರೆ ಚಿಂತೆಯಿಲ್ಲ, ಹೋಲ್‌ಸ್ಟರಿನ ಉಜ್ಜಾಟ ಅಷ್ಟೆ. ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗನ್ನು ಹೊಸದು ಹಾಕಿಸಿದೆ, ಅದು ದೊಡ್ಡ ಖರ್ಚೇನಲ್ಲ. ಸೀರಿಯಲ್ ನಂಬರ್ ಕೊಟ್ಟು, ಇದರ ಜೊತೆ ತಯಾರಾದ ಪಿಸ್ತೂಲುಗಳನ್ನು ದುರಸ್ತಿಗೆ ವಾಪಸು ಕರೆದಿದ್ದಾರೆಯೇ ಎಂದು ತಯಾರಕರನ್ನೇ ಕೇಳಿದೆ.

ಮನೆಗೆ ತಂದ ವಾರ ಅದು ಸಿಕ್ಕಿಕೊಳ್ಳತೊಡಗಿತು. ಹತ್ತು ಗುಂಡಿಗೆ ಒಂದಾದರೂ ಅಡ್ಡ ನಿಲ್ಲುತ್ತಿತ್ತು. ಮೋಸಹೋದೆ ಎಂದು ಅಳು ಬಂದಿತ್ತು. ತರಬೇತುದಾರರು ಅದೇ ಪಿಸ್ತೂಲಿನಲ್ಲಿ 40 ಗುಂಡು ಹಾರಿಸಿದರು, ಒಂದೇ ಒಂದು ಸಿಕ್ಕಿಕೊಂಡಿತು. ಉಳಿದ ತೊಂದರೆ ನನ್ನ ಮಣಿಕಟ್ಟಿನದು. ಪಿಸ್ತೂಲನ್ನು ಸಡಿಲ ಹಿಡಿದರೆ ಸ್ಲೈಡಿನ ಜೊತೆ ಇಡೀ ಪಿಸ್ತೂಲೇ ಹಿಂದೆ ಹೋಗಿ, ಸ್ಲೈಡಿಗೆ ತನ್ನ ಓಟ ಮುಗಿಸಲು ಆಗುವುದಿಲ್ಲ. ಅವರಿಗೆ ಸಿಕ್ಕಿಕೊಂಡ ಆ ಒಂದು? ಎರಡು ಮ್ಯಾಗಝೀನಿಗೂ ಉಗುರುಬಣ್ಣದಲ್ಲಿ 1, 2 ಎಂದು ಬರೆದು ಲೆಕ್ಕ ಇಟ್ಟೆವು. ಪ್ರತಿ ಸಲವೂ ತಂಟೆ ಮಾಡಿದ್ದು 2. ಅದರ ತುಟಿ, ಅಂದರೆ ಮೇಲೆ ಗುಂಡನ್ನು ಹಿಡಿದಿಡುವ ಅಂಚು, ಒಂದು ಕಡೆ ಚೂರು ಬಾಗಿತ್ತು.

ಅಭ್ಯಾಸಕ್ಕೆ ತಾಮ್ರದ ಹೊದಿಕೆಯ ಸಾದಾ ಗುಂಡು, ಜೊತೆಗಿಟ್ಟುಕೊಳ್ಳಲು ತುದಿಯಲ್ಲಿ ಕುಳಿ ಇರುವ ಹಾಲೋ ಪಾಯಿಂಟ್. ಅದು ಮೈಗೆ ತಾಗಿದಾಗ ಅರಳುವುದರಿಂದ ಆಚೆ ತೂರಿ ಹೋಗಿ ಹಿಂದಿರುವ ಬಡಪಾಯಿಗೆ ತಗಲುವ ಸಂಭವ ಕಡಿಮೆ. ಅದು ದುಬಾರಿಯೆಂದು ಕೆಲವರು ಒಂದನ್ನೂ ಹಾರಿಸಿ ನೋಡುವುದಿಲ್ಲ. ಕುಳಿ ಮೂತಿಯ ಗುಂಡು ಎಲ್ಲ ಪಿಸ್ತೂಲಿಗೂ ಸಲೀಸಾಗಿ ಏರುವುದಿಲ್ಲ. ಸಾದಾ ಗುಂಡು 200, ಇದು 50, ಅಡ್ಡಿಯಿಲ್ಲದೆ ಹಾರಿದ ಮೇಲೆಯೇ ನಾನು ಅದನ್ನು ನಂಬಿದ್ದು.

ಹೋಲ್‌ಸ್ಟರಿನಲ್ಲಿ ಮತ್ತೆ ಜಿಪುಣತನ ಮಾಡಿ ಒಂದು ಮೆತ್ತನೆ ಬಟ್ಟೆಯದು ತಂದೆ. ಪಿಸ್ತೂಲು ತೆಗೆದರೆ ಅದರ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುವಾಗ ಒಂದು ದಿನ, ವಾಪಸು ತುರುಕುತ್ತಿದ್ದಂತೆ ಟಕ್ ಎಂದಿತು. ಕುರ್ತಾದ ಅಂಚು ಟ್ರಿಗರಿಗೆ ಸಿಕ್ಕಿತ್ತು. ಗುಂಡಿದ್ದಿದ್ದರೆ ತೊಡೆ ಹೋಗುತ್ತಿತ್ತು. ಆ ಸಂಜೆಯೇ ಟ್ರಿಗರನ್ನು ಪೂರ್ತಿ ಮುಚ್ಚುವ, ಬಾಯಿ ಮುಚ್ಚಿಕೊಳ್ಳದ, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರಿಗೆ ಹೇಳಿ ಕಳಿಸಿದೆ. ವಾಪಸು ಹಾಕುವಾಗ ಈಗ ಬಟ್ಟೆಯನ್ನು ಎಡಗೈಯಲ್ಲಿ ಮೇಲೆತ್ತಿ, ಬಗ್ಗಿ ನೋಡಿ, ನಿಧಾನವಾಗಿ ಹಾಕುತ್ತೇನೆ. ಯಾವ ಆಪತ್ತಿನಲ್ಲೂ ಪಿಸ್ತೂಲು ತೆಗೆಯಲು ಅವಸರ ಇರಬಹುದು, ಒಳಗಿಡಲು ಯಾರೂ ಅವಸರ ಮಾಡುವುದಿಲ್ಲ.

ಮನೆಯಲ್ಲಿ ಎಂಟು ವರ್ಷದ ಮಗಳಿದ್ದಾಳೆ. ನನ್ನ ಮೈಮೇಲಿಲ್ಲದಾಗ ಅದು ಗೋಡೆಗೆ ಬಿಗಿದ, ಗುಂಡಿ ಒತ್ತಿ ತೆಗೆಯುವ ಬೀಗದ ಪೆಟ್ಟಿಗೆಯೊಳಗೆ. ಬಟ್ಟೆಯ ಬೀರುವಿನ ಮೇಲೆ ಬಚ್ಚಿಡುವುದು ಬಚ್ಚಿಟ್ಟಂತಲ್ಲ, ಮಕ್ಕಳಿಗೆ ಗೊತ್ತಿಲ್ಲದ ಬೀರು ಯಾವುದಿದೆ?

ವಾರಕ್ಕೆ ಮೂರು ರಾತ್ರಿ, ಎಲ್ಲ ಗುಂಡನ್ನೂ ಬೇರೆ ಕೋಣೆಯಲ್ಲಿಟ್ಟು, ಹತ್ತು ನಿಮಿಷ ಖಾಲಿ ಟ್ರಿಗರ್ ಅಭ್ಯಾಸ. ಮುಂದಿನ ಸೈಟಿನ ಹಿಂದೆ ಸ್ಲೈಡಿನ ಮೇಲೆ ಒಂದು ನಾಣ್ಯ ಇಟ್ಟು ಒತ್ತುತ್ತೇನೆ. ಮೊದಲ ತಿಂಗಳು ನೆಲದ ತುಂಬ ನಾಣ್ಯದ ಸದ್ದೇ, ಈಗ ಹತ್ತಕ್ಕೆ ಎಂಟು ಸಲ ಬೀಳುವುದಿಲ್ಲ. ಅಭ್ಯಾಸಕ್ಕೆಂದು ದಿನವೂ ಅದೇ ಗುಂಡನ್ನು ಇಳಿಸಿ ಏರಿಸಿದರೆ ಅದರ ಮೂತಿ ಕವಚದ ಒಳಕ್ಕೆ ಕುಸಿದು, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹಾಗಾಗಿ ಇಳಿಸಿದ ಗುಂಡನ್ನು ಹೊಸದರ ಪಕ್ಕ ನಿಲ್ಲಿಸಿ ಎತ್ತರ ನೋಡುತ್ತೇನೆ, ಗಿಡ್ಡವಾಗಿದ್ದರೆ ಮತ್ತೆ ಏರಿಸುವುದಿಲ್ಲ. 2ನೇ ಮ್ಯಾಗಝೀನನ್ನೂ ಎಸೆದಿಲ್ಲ. ರೇಂಜಿಗೆ ಹೋದಾಗ, ಸಿಕ್ಕಿಕೊಂಡ ಗುಂಡನ್ನು ಬಿಡಿಸುವ ಅಭ್ಯಾಸಕ್ಕೆ ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ.