ಜನವರಿಯ ಮೊದಲ ಭಾನುವಾರ, ಹಕ್ಕಿಗಳ ಟೈಮಿಗೆ

ವರ್ಷದ ಮೊದಲ ಭಾನುವಾರ ಮನೆಯಲ್ಲಿ ಇರಬಾರದು ಅನ್ನೋದು ನಮ್ಮನೆಯ ಪದ್ಧತಿ. ಯಾರು ಶುರು ಮಾಡಿದರೋ ನೆನಪಿಲ್ಲ, ಈಗಂತೂ ಮಕ್ಕಳು ಬಿಡೋದಿಲ್ಲ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕು. ಅಷ್ಟೇ ಷರತ್ತು.

ಮೊದಲ ಸಲ ನಾನು ಮಾಡಿದ ಪ್ಲಾನ್ ಕೇಳಿದರೆ ನೀವು ನಗುತ್ತೀರಿ. ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ. ಒಂದೇ ದಿನ! ಐದೂ ಮುಗಿಸಿದೆವು ಅನ್ನೋದು ನಿಜ. ಐಹೊಳೆಯ ದುರ್ಗದ ಗುಡಿ ಸುತ್ತುವಾಗ ದೊಡ್ಡ ಮಗಳು "ಅಪ್ಪಾ, ಇದನ್ನ ಆಗಲೇ ನೋಡಿದ್ವಲ್ಲ" ಅಂದಳು. ಚಿಕ್ಕವನು ಕಾರಿನಿಂದ ಇಳಿಯಲೇ ಇಲ್ಲ, ಮಲಗಿಬಿಟ್ಟಿದ್ದ. ಮನೆಗೆ ಬಂದಾಗ ರಾತ್ರಿ ಹನ್ನೊಂದು. ಮೊಬೈಲ್‌ನಲ್ಲಿ ಇನ್ನೂರು ಫೋಟೋ ಇದ್ದವು, ಯಾವುದು ಯಾವ ಗುಡಿ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಈ ಸಲ ಹಾಗೆ ಬೇಡ ಅಂತ ಮಾಗಡಿ ಕೆರೆ ಆರಿಸಿಕೊಂಡೆ. ಬೆಂಗಳೂರಿನವರು ಕೆಂಪೇಗೌಡರ ಮಾಗಡಿ ಅಂದುಕೊಳ್ಳಬೇಡಿ. ಇದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಸಾವಿರಗಟ್ಟಲೆ ಬಂದು ಇಳಿಯುವ ಊರು. 2024ರಲ್ಲಿ ಈ ಕೆರೆ, ಜಗತ್ತಿನ ಮುಖ್ಯ ಕೆರೆ-ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಅದೇ ಸಲ ನಮ್ಮ ರಾಜ್ಯದ ಅಘನಾಶಿನಿ ಅಳಿವೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೂಡ ಸೇರಿದವು. ಅಘನಾಶಿನಿಯ ಮುಂದೆ ಮಾಗಡಿ ತೀರಾ ಚಿಕ್ಕದು, ಸುಮಾರು 54 ಹೆಕ್ಟೇರ್. ದಂಡೆಯ ಮೇಲೆ ನಿಂತರೆ ಇಡೀ ಕೆರೆ ಕಣ್ಣಳತೆಗೆ ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅದೇ ಅನುಕೂಲ.

ಇಲ್ಲಿಗೆ ನಾನು ಮೊದಲೊಮ್ಮೆ ಹೋಗಿದ್ದೆ, ಮಾರ್ಚ್ ಕೊನೆಗೆ, ಮಧ್ಯಾಹ್ನ ಹನ್ನೆರಡಕ್ಕೆ. ಕೆರೆ ಇತ್ತು, ಹಕ್ಕಿ ಇರಲಿಲ್ಲ. ದನ ಕಾಯುತ್ತಿದ್ದ ಅಜ್ಜ ಒಬ್ಬರು "ಅವು ಹೋಗಿ ಭಾಳ ದಿನಾ ಆತ್ರೀ, ನೀವು ತಡಾ ಮಾಡೀರಿ" ಅಂದರು. ರೈಲು ತಪ್ಪಿಸಿಕೊಂಡವನಿಗೆ ಸ್ಟೇಷನ್ನಿನಲ್ಲಿ ಹೇಳುವ ಹಾಗೆ. ನವೆಂಬರ್ ಹೊತ್ತಿಗೆ ಬರುತ್ತವೆ, ಬಿಸಿಲು ಏರುತ್ತಿದ್ದ ಹಾಗೆ ಹೊರಡುತ್ತವೆ. ಹಾಗಾಗಿ ಜನವರಿ ಹೇಳಿ ಮಾಡಿಸಿದ ತಿಂಗಳು. ಅವರೇ ಇನ್ನೊಂದು ಮಾತನ್ನೂ ಹೇಳಿದ್ದರು. ಈ ಹಕ್ಕಿ ಕತ್ತಲಲ್ಲಿ ಹೊಲದಲ್ಲಿ ಮೇಯುತ್ತವೆ, ಬೆಳಗಾದ ಮೇಲೆ ಕೆರೆಗೆ ಬಂದು ಕೂರುತ್ತವೆ. ಬರುವುದನ್ನು ನೋಡಬೇಕು ಅಂದರೆ ಅವುಗಳಿಗಿಂತ ಮೊದಲೇ ದಂಡೆಯಲ್ಲಿರಬೇಕು.

ಸರಿ, ಐದು ಗಂಟೆಗೆ ಹೊರಡುವುದು ಅಂತಾಯಿತು. ಐದೂಮುಕ್ಕಾಲಿಗೆ ಹೊರಟೆವು. ನಮ್ಮ ಮನೆಯ ಲೆಕ್ಕದಲ್ಲಿ ಇದು ದಾಖಲೆ.

ಊಟದ ವ್ಯವಸ್ಥೆ ಅಮ್ಮನದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಡಬ್ಬಿ ಗಟ್ಟಿ ಮೊಸರು. ದಾರಿಯ ಊಟಕ್ಕೆ ಕಡಕ್ ರೊಟ್ಟಿಯಂಥದ್ದು ಇನ್ನೊಂದಿಲ್ಲ. ಹಳಸೋದಿಲ್ಲ, ಸೋರೋದಿಲ್ಲ. ಮುರಿದರೂ ರುಚಿಯೇನೂ ಕಡಿಮೆಯಾಗುವುದಿಲ್ಲ.

ಕುಂದಗೋಳದ ದಾರಿ ಹಿಡಿದೆವು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಇಲ್ಲಿಗೆ ಅವರ ಹತ್ತಿರ ಸಂಗೀತ ಪಾಠಕ್ಕೆ ಬರುತ್ತಿದ್ದರು ಅಂತ ಅಮ್ಮ ಪ್ರತಿ ಸಲ ಹೇಳುತ್ತಾಳೆ, ಈ ಸಲವೂ ಹೇಳಿದಳು. ಊರು ದಾಟುತ್ತಿದ್ದ ಹಾಗೆ ಮಂಜು ಶುರುವಾಯಿತು. ಎರಿ ಹೊಲಗಳ ಮೇಲೆ ಜನವರಿಯಲ್ಲಿ ಮಂಜು ಹಾಸಿಗೆ ಹಾಸಿದ ಹಾಗೆ ಮಲಗಿರುತ್ತದೆ. ನೋಡಲು ಚಂದ, ಗಾಡಿ ಓಡಿಸಲು ಅಲ್ಲ. ನಾನು ಹೈ ಬೀಮ್ ಹಾಕಿದೆ. ಎದುರಿಗೆ ಬಿಳಿ ಗೋಡೆ ಎದ್ದು ನಿಂತ ಹಾಗಾಯಿತು. ಡಿಮ್ ಮಾಡಿದರೆ ರಸ್ತೆಯ ಎಡ ಅಂಚಾದರೂ ಕಾಣುತ್ತದೆ. ಎಸಿ ಹಾಕಿ ಒಳಗಿನ ಗಾಜಿನ ಆವಿ ತೆಗೆದೆ, ನನ್ನ ಕಡೆಯ ಕಿಟಕಿ ನಾಲ್ಕು ಬೆರಳು ಇಳಿಸಿದೆ. ಚಳಿ ಹೊಡೆಯುತ್ತದೆ ನಿಜ, ಆದರೆ ಮಂಜಿನಲ್ಲಿ ಎದುರಿನ ಗಾಡಿ ಕಾಣುವ ಮೊದಲು ಕೇಳಿಸುತ್ತದೆ. ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಒಂದು ಹಾಗೇ ಗೊತ್ತಾಯಿತು. ನಲವತ್ತರ ಮೇಲೆ ಹೋಗಲಿಲ್ಲ.

ಲಕ್ಷ್ಮೇಶ್ವರ ತಲುಪುವ ಹೊತ್ತಿಗೆ ಬೆಳಕು ಹರಿದಿತ್ತು. ಇದು ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ನಾಡು ಅಂತ ಕವಿರಾಜಮಾರ್ಗ ಎಣಿಸುವ ನಾಲ್ಕು ಊರುಗಳಲ್ಲಿ ಒಂದು. ಆ ತಿರುಳ್ಗನ್ನಡದ ಊರಲ್ಲಿ ನಾವು ಆಡಿದ ಮಾತು ಒಂದೇ, "ಎರಡು ಕಟ್ ಚಾ, ಸಕ್ರಿ ಕಮ್ಮಿ." ಸೋಮೇಶ್ವರ ಗುಡಿಗೆ ಹೋಗೋಣ ಅಂತ ಅಮ್ಮ ಎಳೆದಳು. ನಾನು ಒಪ್ಪಲಿಲ್ಲ. ಅಲ್ಲಿಂದ ಮಾಗಡಿಗೆ ಇನ್ನೂ ಹನ್ನೊಂದು ಕಿಲೋಮೀಟರ್. ಗುಡಿ ಎಲ್ಲೂ ಹೋಗೋದಿಲ್ಲ, ಹಕ್ಕಿ ಕಾಯೋದಿಲ್ಲ.

ಕೆರೆ ಮುಟ್ಟಿದಾಗ ಏಳೂಕಾಲು. ನೀರು ಬಹುತೇಕ ಖಾಲಿ. ಒಂದಷ್ಟು ಬಾತು, ದಂಡೆಯಲ್ಲಿ ಬೆಳ್ಳಕ್ಕಿ. ಚಿಕ್ಕವನು "ಇಷ್ಟೇನಾ?" ಅಂದ. ನನಗೂ ಒಳಗೊಳಗೇ ಅದೇ ಭಯ. ಸುಮ್ನೆ ಕೂತೆವು. ಚಾಪೆ ಹಾಸಿ, ಶಾಲು ಹೊದ್ದು, ಇಪ್ಪತ್ತು ನಿಮಿಷ.

ಮೊದಲು ಕೇಳಿಸಿದ್ದು ಸದ್ದು. ಮೂಗಿನಲ್ಲಿ ಊದಿದಂಥ "ಆಂಗ್, ಆಂಗ್". ಎಲ್ಲಿಂದ ಅಂತ ತಿಳಿಯಲಿಲ್ಲ. ಆಮೇಲೆ ಪೂರ್ವದ ಕಡೆ ಆಕಾಶದಲ್ಲಿ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಒಂದು ಗೆರೆ. ಗೆರೆ ಅಲುಗಿತು, ಎರಡಾಯಿತು, ಬಾಣದ ತುದಿಯ ಹಾಗಾಯಿತು. ತಲೆಯ ಮೇಲೆ ಬಂದಾಗ ರೆಕ್ಕೆಯ ಗಾಳಿಯ ಸದ್ದು ಕೂಡ ಕೇಳಿಸಿತು. ಇಳಿಯುವಾಗ ಅವು ಕಾಲು ಮುಂದಕ್ಕೆ ಚಾಚಿ, ರೆಕ್ಕೆ ಅಗಲಿಸಿ, ನೀರಿನ ಮೇಲೆ ಸರ್ರಂತ ಜಾರುತ್ತವೆ. ಒಂದು ಗುಂಪು ಇಳಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಮಗಳು ಎಣಿಸಲು ಹೊರಟು ನಾಲ್ಕುನೂರಕ್ಕೆ ಕೈಬಿಟ್ಟಳು. ಎಂಟೂವರೆ ಹೊತ್ತಿಗೆ ಕೆರೆಯ ನಡುವೆ ಬೂದಿ ಬಣ್ಣದ ಕಂಬಳಿ ಹಾಸಿದ ಹಾಗಿತ್ತು.

ಬೈನಾಕ್ಯುಲರ್ ಇದ್ದರೆ ಖಂಡಿತ ಒಯ್ಯಿರಿ. ಬರಿಗಣ್ಣಿಗೆ ಅವು ಕಲ್ಲುಗಳ ಹಾಗೆ ಕಾಣುತ್ತವೆ. ಹತ್ತಿರದಿಂದ ನೋಡಿದಾಗಲೇ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು ಗೊತ್ತಾಗೋದು. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಿಗೆ ನಂಬರಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಂಥದ್ದೊಂದು ಸಿಗುತ್ತದೇನೋ ಅಂತ ಮಗಳು ಅರ್ಧ ಗಂಟೆ ಹುಡುಕಿದಳು. ಸಿಗಲಿಲ್ಲ. ಆ ಅರ್ಧ ಗಂಟೆ ಅವಳು ಮೊಬೈಲ್ ಕೇಳಲಿಲ್ಲ ಅನ್ನೋದನ್ನು ಮಾತ್ರ ನಾನು ಬರೆದಿಟ್ಟುಕೊಂಡಿದ್ದೇನೆ.

ಇಷ್ಟರಲ್ಲಿ ಇನ್ನೊಂದು ಕಾರು ಬಂತು. ಹಾಡು ಜೋರಾಗಿ ಹಾಕಿಕೊಂಡೇ ಇಳಿದರು. ದಂಡೆಯ ಕಡೆಯ ಹಕ್ಕಿಗಳೆಲ್ಲ ಕತ್ತು ನೆಟ್ಟಗೆ ಮಾಡಿ ನಿಂತವು. ಅದು ಹಾರುವ ಮೊದಲಿನ ಸೂಚನೆ. ಊರಿನ ಹುಡುಗನೊಬ್ಬ ಹೋಗಿ ಏನೋ ಹೇಳಿದ, ಹಾಡು ನಿಂತಿತು. ಹೊಲಕ್ಕೆ ನುಗ್ಗಿ ಬೆಳೆ ಮೇಯುವ ಹಕ್ಕಿಯ ಪರವಾಗಿ ಅದೇ ಊರಿನ ಹುಡುಗ ನಿಂತದ್ದು ನನಗೆ ಆಶ್ಚರ್ಯ. ನಾನು ಕೇಳಿದೆ. "ಅವು ಪ್ರತಿ ವರ್ಷ ಬರೋ ಬೀಗರ ಇದ್ದಂಗ್ರೀ" ಅಂದ.

ಒಂಬತ್ತೂವರೆಗೆ ರೊಟ್ಟಿ ಬುತ್ತಿ ಬಿಚ್ಚಿದೆವು. ಹತ್ತೂವರೆವರೆಗೆ ಅಲ್ಲೇ ಇದ್ದೆವು. ಮೂರು ಗಂಟೆಗೂ ಮಿಕ್ಕಿ ಒಂದೇ ಕಡೆ. ಐಹೊಳೆಯಲ್ಲಿ ಎಷ್ಟು ಹೊತ್ತು ಇದ್ದೆವು ಅಂತ ಲೆಕ್ಕ ಹಾಕಿದೆ. ನಲವತ್ತು ನಿಮಿಷ.

ಎಡವಟ್ಟಾಗಿದ್ದು ಗದಗಿಗೆ ಹೋಗುವಾಗ, ಹಳ್ಳಿ ರಸ್ತೆಯಲ್ಲಿ. ಜನವರಿ ತೊಗರಿ ಕಟಾವಿನ ಕಾಲ. ಬಡಿಯುವ ಕೆಲಸ ಗಾಡಿಗಳು ಮಾಡಲಿ ಅಂತ ಗಿಡಗಳನ್ನು ರಸ್ತೆ ತುಂಬ ಹರಡಿರುತ್ತಾರೆ. ಎಲ್ಲರೂ ಹತ್ತಿಸಿಕೊಂಡೇ ಹೋಗುತ್ತಿದ್ದರು, ನಾನೂ ಹತ್ತಿಸಿದೆ. ಒಂದು ಫರ್ಲಾಂಗ್ ದಾಟಿರಬೇಕು, ಅಡಿಯಿಂದ ಕರಕರ ಸದ್ದು, ಹಿಂದೆಯೇ ಸುಟ್ಟ ವಾಸನೆ. ಹೊಲದಲ್ಲಿದ್ದವರೊಬ್ಬರು ಓಡಿ ಬಂದು "ಯಪ್ಪಾ, ಗಾಡಿ ಬಂದ್ ಮಾಡ್ರಿ ಮೊದಲ, ಮಕ್ಕಳನ್ನ ಇಳಸ್ರಿ" ಅಂತ ಕೂಗಿದರು. ಬಗ್ಗಿ ನೋಡಿದರೆ ಸೈಲೆನ್ಸರ್ ಪೈಪಿಗೆ ಒಣಗಿದ ತೊಗರಿ ಕಟ್ಟಿಗೆ ಸುತ್ತಿಕೊಂಡು ಹೊಗೆಯಾಡುತ್ತಿತ್ತು. ಅವರೇ ಉದ್ದನೆಯ ಕೋಲಿನಿಂದ ಎಳೆದೆಳೆದು ತೆಗೆದರು. ನಾನು ನೀರಿನ ಬಾಟಲಿ ಎತ್ತಿದರೆ "ಕಾದ ಪೈಪಿಗೆ ನೀರು ಬ್ಯಾಡ್ರೀ" ಅಂತ ತಡೆದರು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು, ನನ್ನ ಕೈ ನಡುಗುವುದು ನಿಲ್ಲಲು ಇನ್ನೂ ಹತ್ತು. ಹೊಟ್ಟು, ಕಟ್ಟಿಗೆ ಹರಡಿದ್ದು ಕಂಡರೆ ಈಗ ನಾನು ಪಕ್ಕಕ್ಕೆ ಸರಿಸಲು ಕೇಳುತ್ತೇನೆ, ಇಲ್ಲವೇ ಬೇರೆ ದಾರಿ ಹಿಡಿಯುತ್ತೇನೆ.

ಆ ಹೆದರಿಕೆಯ ನಡುವೆಯೇ ಒಂದು ಒಳ್ಳೆಯದೂ ಆಯಿತು. ಅವರ ಬದುವಿನಲ್ಲಿ ಸೀತನಿ ಸುಡುತ್ತಿದ್ದರು. ಹಾಲುಗಾಳಿನ ಎಳೆ ಜೋಳದ ತೆನೆ. ನೆಲದಲ್ಲಿ ಸಣ್ಣ ಗುಂಡಿ, ಒಳಗೆ ಕುಳ್ಳಿನ ಕೆಂಡ. ತೆನೆಯನ್ನು ಕೆಂಡಕ್ಕೆ ಚುಚ್ಚಿ, ಚಟಪಟ ಅಂದ ಕೂಡಲೇ ತೆಗೆದು, ಗೋಣಿ ಚೀಲದ ಮೇಲೆ ಹಾಕಿ ಕೋಲಿನಿಂದ ಬಡಿದು ಕಾಳು ಉದುರಿಸುತ್ತಾರೆ. ಅಂಗೈಯಲ್ಲಿ ಉಜ್ಜಿ ಊದಿದರೆ ಹೊಟ್ಟು ಹಾರಿ ಹಸಿರು ಕಾಳು ಉಳಿಯುತ್ತದೆ. ಅದಕ್ಕೆ ಗುರೆಳ್ಳು ಚಟ್ನಿ, ಒಂದು ಚೂರು ಬೆಲ್ಲ. ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ಆ ಹಾಲಿನ ರುಚಿ ಹೋಗುತ್ತದೆ. ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅಮ್ಮ ಉಳಿದ ಎಣ್ಣೆಗಾಯಿಯ ಡಬ್ಬಿ ಕೊಟ್ಟಳು, ಅದನ್ನು ಖುಷಿಯಿಂದ ತೆಗೆದುಕೊಂಡರು.

ಮಧ್ಯಾಹ್ನಕ್ಕೆ ಲಕ್ಕುಂಡಿ, ಗದಗಿನಿಂದ ಕೊಪ್ಪಳದ ಕಡೆ ಹನ್ನೆರಡು ಕಿಲೋಮೀಟರ್. ಊರಲ್ಲಿ ಗುಡಿ ತುಂಬ ಇವೆ, ನಾವು ನೋಡಿದ್ದು ಎರಡೇ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಆಮೇಲೆ ಕಾಶಿವಿಶ್ವೇಶ್ವರ. ಕಾಶಿವಿಶ್ವೇಶ್ವರದಲ್ಲಿ ಶಿವನ ಗುಡಿ, ಸೂರ್ಯನ ಗುಡಿ ಒಂದಕ್ಕೊಂದು ಎದುರುಬದುರು. ಅದರ ಬಾಗಿಲವಾಡದ ಮುಂದೆ ಮಕ್ಕಳಿಗೆ ಒಂದು ಆಟ ಕೊಟ್ಟೆ: ಹೊರಗಿನಿಂದ ಒಳಗೆ ಎಷ್ಟು ಪಟ್ಟಿ ಕೆತ್ತನೆ ಇದೆ ಎಣಿಸಿ, ಒಂದರ ಹಾಗೆ ಇನ್ನೊಂದು ಇದ್ದರೆ ಐಸ್‌ಕ್ರೀಮ್. ಅಷ್ಟು ಸಣ್ಣ ಕೆಲಸಕ್ಕೆ ಮೆತ್ತಗಿನ ಬಳಪದ ಕಲ್ಲೇ ಸರಿ. ಇಬ್ಬರೂ ಜಗಳ ಆಡುತ್ತಾ ನೋಡಿದರು. ಐಸ್‌ಕ್ರೀಮ್ ಕೊನೆಗೂ ಕೊಡಿಸಬೇಕಾಯಿತು, ಅದು ಬೇರೆ ಮಾತು.

ಡಂಬಳ ಬಿಟ್ಟೆವು. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಕಟ್ಟಿದ ದೊಡ್ಡಬಸಪ್ಪನ ಗುಡಿ ಅಲ್ಲಿದೆ. ಹತ್ತಿರವೇ ಅಲ್ವಾ ಅಂತ ಹೆಂಡತಿ ಅಂದಳು. ಹಳೆಯ ನಾನಾಗಿದ್ದರೆ ಸ್ಟೇರಿಂಗ್ ತಿರುಗಿಸುತ್ತಿದ್ದೆ. ಗದಗಿನ ವೀರನಾರಾಯಣ ಗುಡಿಯನ್ನು ಮಾತ್ರ ಅಮ್ಮನಿಗಾಗಿ ಸೇರಿಸಿದೆ. ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ಕೂತು ಭಾರತ ಬರೆದ ಅನ್ನುವ ಕಂಬಕ್ಕೆ ಕೈಮುಗಿದು, ಹೊರಗೆ ಬಂದು ಗಿರ್ಮಿಟ್, ಮಿರ್ಚಿ ತಿಂದೆವು. ಅಣ್ಣಿಗೇರಿ ದಾಟುವಾಗ ಮಕ್ಕಳಿಬ್ಬರೂ ನಿದ್ದೆ. ಎಂಟೂಕಾಲಿಗೆ ಮನೆ. ಮೀಟರ್ 180ರ ಹತ್ತಿರ ತೋರಿಸುತ್ತಿತ್ತು.

ಸೋಮವಾರ ಕಾರು ತೊಳೆಯುವಾಗ ಹಿಂದಿನ ಬಂಪರ್ ಒಳಗಿನಿಂದ ಇನ್ನೊಂದು ತೊಗರಿ ಕಟ್ಟಿಗೆ ಬಿತ್ತು, ಮೂರು ಕಾಯಿ ಸಮೇತ. ಅಮ್ಮ ಎತ್ತಿಕೊಂಡು ಸುಲಿದು ನೋಡಿದಳು. ಹನ್ನೊಂದು ಕಾಳು. ಡಬ್ಬಿಗೆ ಹಾಕಿದಳು.