ಪುಣೆಯ ತರಗತಿಯಲ್ಲಿ ಬೆಳಗಾವಿಯ ಮಾತು

2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಯಾವ ರಾಜ್ಯದ್ದು ಅನ್ನೋ ಗಡಿ ಜಗಳ ಮತ್ತೆ ಜೋರಾಗಿ, ಇಲ್ಲಿ ಪುಣೆಯ ಸ್ವಾರ್‌ಗೇಟ್ ಹತ್ತಿರ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅತ್ತ ಬೆಳಗಾವಿ ಕಡೆ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ನಾನು ಪುಣೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ರಾಜ್ಯಗಳ ಪುನರ್ವಿಂಗಡಣೆ ನನ್ನ ಪಾಠದಲ್ಲೇ ಇದೆ. ಆ ವಾರ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಬೇರೆ ಮಾತೇ ಇರಲಿಲ್ಲ. ತರಗತಿಗೆ ಬಂದ ಕೂಡಲೇ ಎಲ್ಲರೂ ಗಪ್‌ಚುಪ್. ಪಠ್ಯದಲ್ಲಿರುವ ವಿಷಯವನ್ನೇ ತರಗತಿಯಲ್ಲಿ ಮಾತಾಡೋಕೆ ಆಗದಿದ್ದರೆ ಕಾಲೇಜು ಯಾಕೆ ಬೇಕು, ಅಲ್ವಾ? ಗಡಿ ವಿವಾದದ ಮೇಲೆ ಚರ್ಚೆ ಇಡೋದು ಅಂತ ಗಟ್ಟಿ ಮಾಡಿಕೊಂಡೆ.

‘ಮೇಡಂ, ಇದೆಲ್ಲ ಈಗ ಬೇಕಾ? ಅದೂ ನೀವು ಕನ್ನಡದವರು’ ಎಂದರು ಜೊತೆಗೆ ಕೆಲಸ ಮಾಡುವವರೊಬ್ಬರು. ಅವರ ಭಯಕ್ಕೆ ಕಾರಣ ಇದೆ. ಇದೇ ಊರಿನ ಭಾಂಡಾರ್ಕರ್ ಸಂಶೋಧನಾ ಸಂಸ್ಥೆಗೆ 2004ರ ಜನವರಿಯಲ್ಲಿ ಗುಂಪು ನುಗ್ಗಿ ಪುಸ್ತಕ, ಹಸ್ತಪ್ರತಿಗಳನ್ನು ಹಾಳು ಮಾಡಿತ್ತು. ಶಿವಾಜಿ ಕುರಿತು ಪುಸ್ತಕ ಬರೆದ ವಿದೇಶಿ ವಿದ್ವಾಂಸರೊಬ್ಬರಿಗೆ ಅಲ್ಲಿ ನೆರವು ಸಿಕ್ಕಿತ್ತು ಅನ್ನೋದೇ ಸಿಟ್ಟಿಗೆ ಕಾರಣ. ಮೂಢನಂಬಿಕೆ ವಿರುದ್ಧ ಹೋರಾಡುತ್ತಿದ್ದ ದಾಭೋಲ್ಕರ್ ಅವರನ್ನು 2013ರಲ್ಲಿ ಇಲ್ಲೇ ಕೊಂದರು. ಸಂಶೋಧಕ ಕಲಬುರ್ಗಿಯವರನ್ನು 2015ರಲ್ಲಿ ಧಾರವಾಡದ ಅವರ ಮನೆಯಲ್ಲೇ. ಇದನ್ನೆಲ್ಲ ನೋಡಿದವರು ‘ಸುಮ್ನಿರಿ’ ಅಂದರೆ ಅವರನ್ನು ಹೇಡಿ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಪ್ರಾಂಶುಪಾಲರ ಚಿಂತೆ ಬೇರೆ. ‘ಕಾಲೇಜು ಯಾರ ಪರ ಅಂತ ಹೊರಗಿನವರು ಕೇಳಿದರೆ?’ ಅದಕ್ಕೆ ಅರ್ಧ ಪುಟದ ಅರ್ಜಿ ಬರೆದೆ. ಪಠ್ಯಕ್ರಮದ ಹಾಳೆಯನ್ನೂ ಲಗತ್ತಿಸಿದೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ 1967ರಲ್ಲೇ ಹ್ಯಾರಿ ಕಾಲ್ವೆನ್ ಎಂಬ ಕಾನೂನು ಪ್ರಾಧ್ಯಾಪಕರ ಸಮಿತಿ ಇದೇ ಪ್ರಶ್ನೆಯನ್ನು ನೋಡಿತ್ತು. ರಾಜಕೀಯ ವಿವಾದಗಳಲ್ಲಿ ಸಂಸ್ಥೆ ಪಕ್ಷ ವಹಿಸಬಾರದು, ಆಗಲೇ ಅದರೊಳಗಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಬೇಕಾದ ಪಕ್ಷ ಹಿಡಿಯುವ ಸ್ವಾತಂತ್ರ್ಯ ಉಳಿಯುತ್ತದೆ ಅನ್ನೋದು ಆ ವರದಿಯ ಸಾರ. ಕಾಲೇಜು ಯಾರ ಪರವೂ ಅಲ್ಲ, ಜಾಗ ಮಾತ್ರ ಕೊಡುತ್ತಿದೆ ಅಂತ ಅರ್ಜಿಯಲ್ಲಿ ಬರೆದೆ. ಹೊರಗಿನವರನ್ನು ಕರೆಯಬೇಡಿ ಎಂದರು, ಒಪ್ಪಿದೆ. ಮಕ್ಕಳು ಏನು ಮಾತಾಡುತ್ತಾರೆ ಅಂತ ಮೊದಲೇ ಬರೆದು ತೋರಿಸಿ ಎಂದರು. ಅದಕ್ಕೆ ಮಾತ್ರ ಒಪ್ಪಲಿಲ್ಲ. ಮೊದಲೇ ಪಾಸಾದ ಮಾತು ಚರ್ಚೆ ಆಗೋದು ಹೇಗೆ?

ಚರ್ಚೆಗೆ ಮೊದಲು ಎಲ್ಲರಿಗೂ, ಈ ಗಡಿ ವಿವಾದಕ್ಕೆಂದೇ ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗದ ವರದಿಯ ಮುಖ್ಯ ಭಾಗ ಓದಿಸಿದೆ. ಬಹಳ ಜನಕ್ಕೆ ಹೆಸರು ಗೊತ್ತಿತ್ತು, ಒಳಗೇನಿದೆ ಅಂತ ಗೊತ್ತಿರಲಿಲ್ಲ. ಮಹಾರಾಷ್ಟ್ರ ಕೇಳಿದ್ದು 814 ಹಳ್ಳಿ. 1967ರ ವರದಿ ಬೆಳಗಾವಿಯನ್ನು ಮೈಸೂರು ರಾಜ್ಯದಲ್ಲೇ, ಅಂದರೆ ಈಗಿನ ಕರ್ನಾಟಕದಲ್ಲೇ, ಉಳಿಸಿತು. ಆದರೆ ನಿಪ್ಪಾಣಿ, ಖಾನಾಪುರ ಸೇರಿ 264 ಹಳ್ಳಿ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ ಸೇರಿ 247 ಹಳ್ಳಿ ಮೈಸೂರಿಗೆ ಹೋಗಲಿ ಅಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಿಂದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದೆ.

ನಿಯಮ ಮೂರೇ. ಮೊಬೈಲ್ ಎಲ್ಲ ಮೇಜಿನ ಮೇಲೆ, ರೆಕಾರ್ಡಿಂಗ್ ಇಲ್ಲ. ಅರ್ಧ ನಿಮಿಷದ ವಿಡಿಯೊ ಹೊರಗೆ ಹೋಗುತ್ತದೆ ಅಂತ ಗೊತ್ತಿದ್ದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಎರಡನೆಯದು, ಎದುರಿನವರ ವಾದವನ್ನು ಅವರೇ ‘ಹೌದು, ಇದೇ ನನ್ನ ಮಾತು’ ಅನ್ನುವ ಹಾಗೆ ಹೇಳಿದ ಮೇಲೆಯೇ ಉತ್ತರ ಕೊಡಬೇಕು. ಮೂರನೆಯದು ನನಗೆ: ನನ್ನ ಅಭಿಪ್ರಾಯ ಕೊನೆಗೆ, ಅದೂ ಕೇಳಿದರೆ ಮಾತ್ರ. ಮಾರ್ಕ್ಸ್ ಕೊಡುವವರು ಮೊದಲು ಬಾಯಿಬಿಟ್ಟರೆ ಮಕ್ಕಳು ಅದರ ಹಿಂದೆಯೇ ಬರುತ್ತಾರೆ.

ಎರಡನೆಯ ನಿಯಮವೇ ಹೆಚ್ಚು ಕೆಲಸ ಮಾಡಿತು. ನಿಪ್ಪಾಣಿ ಹುಡುಗನ ಮನೆಮಾತು ಮರಾಠಿ. ಊರಿನ ಕಚೇರಿಯಲ್ಲಿ ಅಪ್ಪನಿಗೆ ಬರುವ ನೋಟಿಸು ಕನ್ನಡದಲ್ಲಿ ಇರುತ್ತದೆ, ಓದಿಸಿಕೊಳ್ಳಲು ಪಕ್ಕದ ಮನೆಗೆ ಹೋಗಬೇಕು ಎಂದ. ದನಿ ಏರಿತ್ತು. ಉತ್ತರ ಕೊಡಬೇಕಾದವಳು ಅಕ್ಕಲಕೋಟೆ ತಾಲ್ಲೂಕಿನ ಹುಡುಗಿ. ಮನೆಯಲ್ಲಿ ಕನ್ನಡ, ಓದಿದ್ದೂ ಕನ್ನಡ ಶಾಲೆಯಲ್ಲಿ. ಅವನ ಮಾತನ್ನು ಮರಾಠಿಯಲ್ಲೇ ತಿರುಗಿ ಹೇಳುತ್ತಾ ಹೋದಳು. ನೋಟಿಸಿನ ಮಾತು ಬಂದಾಗ ನಿಲ್ಲಿಸಿ, ‘ನಮ್ಮ ಅಜ್ಜಿದೂ ಇದೇ ಕಥೆ. ಬರೋ ನೋಟಿಸು ಮರಾಠಿಯಲ್ಲಿ, ಅಷ್ಟೇ ವ್ಯತ್ಯಾಸ’ ಎಂದಳು. ಆಮೇಲೆ ಬೆಳಗಾವಿ ಯಾರದ್ದು ಅನ್ನೋ ಜಗಳ ಹಿಂದೆ ಬಿತ್ತು. ಯಾವ ರಾಜ್ಯದಲ್ಲಿದ್ದರೂ ಗಡಿಯವರಿಗೆ ಅವರ ಭಾಷೆಯಲ್ಲಿ ಕಾಗದ ಸಿಗಬೇಕಲ್ವಾ ಅನ್ನೋ ಪ್ರಶ್ನೆ ಮುಂದೆ ಬಂತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೊಡಬೇಕು ಅನ್ನುತ್ತದೆ. ಅದನ್ನು ಹುಡುಕಿ ತೆಗೆದದ್ದೂ ಮಕ್ಕಳೇ. ಎಲ್ಲರೂ ಒಪ್ಪಿದರು ಅಂತೇನಲ್ಲ. ಇಬ್ಬರು ಕೊನೆವರೆಗೂ ಮುಖ ಗಂಟಿಕ್ಕಿಕೊಂಡೇ ಕೂತಿದ್ದರು. ಅದಕ್ಕೂ ಅವರಿಗೆ ಹಕ್ಕಿದೆ.

ಮರುವಾರ ಕಚೇರಿಯಿಂದ ಕಾಗದ ಬಂತು. ಯಾರು ಏನು ಮಾತಾಡಿದರು ಅಂತ ವರದಿ ಕೊಡಿ. ವಿಷಯ, ಓದಿದ ದಾಖಲೆ, ಎದ್ದ ಪ್ರಶ್ನೆಗಳು, ಎಲ್ಲವನ್ನೂ ಬರೆದುಕೊಟ್ಟೆ. ಒಬ್ಬರ ಹೆಸರನ್ನೂ ಹಾಕಲಿಲ್ಲ. ತರಗತಿಯಲ್ಲಿ ಆಡಿದ ಮಾತಿಗೆ ವಿದ್ಯಾರ್ಥಿಯ ಹೆಸರು ಹಚ್ಚಿ ಫೈಲಿಗೆ ಸೇರಿಸುವುದಿಲ್ಲ ಅಂತ ಕೆಳಗೆ ಬರೆದು ಸಹಿ ಹಾಕಿದೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮುಂದಿನ ಚರ್ಚೆಗೆ ಮಕ್ಕಳು ಮಹದಾಯಿ ನೀರಿನ ವಿಷಯ ಕೇಳಿದರು. ಕರ್ನಾಟಕದ ವಾದ ಮಂಡಿಸಲು ಗೋವಾದ ಹುಡುಗಿಯೊಬ್ಬಳು ತಾನೇ ಹೆಸರು ಕೊಟ್ಟಳು. ನಾನು 2018ರ ನ್ಯಾಯಮಂಡಳಿ ತೀರ್ಪಿನ ಪುಟಗಳನ್ನು ಜೆರಾಕ್ಸ್‌ಗೆ ಕಳಿಸಿದೆ.