ಅಂಗಾಂಗ ದಾನ: ಕಾರ್ಡ್ ಮಾಡಿಸಿದರೆ ಆಗೋಯ್ತಾ?

ದಾನಿ ಕಾರ್ಡ್ ಮಾಡಿಸಿ ಪರ್ಸಿಗೆ ಸೇರಿಸಿದರೆ ಕೆಲಸ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆಮೇಲೆ ಐಸಿಯು ಬಾಗಿಲಲ್ಲಿ ಮನೆಯವರು "ನಮಗೆ ಹೇಳೇ ಇರಲಿಲ್ವಲ್ಲ" ಅಂತ ನಿಲ್ಲುತ್ತಾರೆ.

ಮೊದಲು ನೋಂದಣಿ. ಅಂಗಾಂಗ ಕಸಿ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ನೋಟ್ಟೊದ (NOTTO) ವೆಬ್‌ಸೈಟಿನಲ್ಲಿ ಆಧಾರ್ ಮತ್ತು ಒಟಿಪಿ ಸಾಕು. ಕಾಸು ಬೇಕಿಲ್ಲ. ಕರ್ನಾಟಕದವರಿಗೆ ರಾಜ್ಯದ್ದೇ ಸಂಸ್ಥೆ 'ಜೀವಸಾರ್ಥಕತೆ'ಯೂ ಇದೆ.

ಎಡವುವುದು ಮುಂದಿನ ಹಂತದಲ್ಲಿ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ದಾನದ ಒಪ್ಪಿಗೆಗೆ ಇಬ್ಬರು ಸಾಕ್ಷಿಗಳು ಬೇಕು, ಒಬ್ಬರಾದರೂ ಹತ್ತಿರದ ಸಂಬಂಧಿ ಆಗಿರಬೇಕು. ಗಂಡ ಅಥವಾ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಒಡಹುಟ್ಟಿದವರು ಮೊದಲೇ ಇದ್ದರು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಮನೆಯಲ್ಲಿ ಎಷ್ಟೇ ಮಾತು ನಡೆದರೂ ಸೋದರಮಾವ ಈ ಪಟ್ಟಿಯಲ್ಲಿಲ್ಲ. ಸುಮ್ನೆ ಆಫೀಸಿನ ಗೆಳೆಯರಿಬ್ಬರ ಸಹಿ ಹಾಕಿಸಬೇಡಿ.

ಸಾಕ್ಷಿ ಸಹಿಯಷ್ಟೇ ಸಾಲದು. ಮಿದುಳು ಸತ್ತಿದೆ ಎಂದು ನಾಲ್ವರು ವೈದ್ಯರು ಹೇಳಬೇಕು, ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷಿಸಬೇಕು. ಕಸಿ ಮಾಡುವ ವೈದ್ಯರು ಇದರಲ್ಲಿ ಇರುವಂತಿಲ್ಲ. ಆಗಲೂ ವೆಂಟಿಲೇಟರ್‌ನಿಂದ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ಮಾನಿಟರ್‌ನಲ್ಲಿ ಗೆರೆ ಓಡುತ್ತಿರುತ್ತದೆ. ಅದನ್ನು ನೋಡುತ್ತಲೇ ಮನೆಯವರು ದಾನಕ್ಕೆ ಒಪ್ಪಿಗೆ ಕೊಡುವ ನಮೂನೆ 8ಕ್ಕೆ ಸಹಿ ಹಾಕಬೇಕು. ಕಾರ್ಡ್ ಇದ್ದರೂ ಅವರು ಒಲ್ಲೆ ಅಂದರೆ ಆಸ್ಪತ್ರೆಗಳು ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. ಹಾಗಾಗಿ ಈಗಲೇ ಕೂರಿಸಿಕೊಂಡು ಹೇಳಿ. ವಾಟ್ಸಾಪ್ ಗ್ರೂಪಿಗೆ ಕಾರ್ಡಿನ ಫೋಟೊ ಹಾಕಿ ಕೈತೊಳೆದುಕೊಳ್ಳಬೇಡಿ. ಪ್ರಿಂಟ್ ತೆಗೆದು ರೇಷನ್ ಕಾರ್ಡ್ ಇರುವ ಫೈಲಿಗೇ ಹಾಕಿಡಿ. ಲ್ಯಾಮಿನೇಷನ್, ಬಣ್ಣದ ಪ್ಲಾಸ್ಟಿಕ್ ಕಾರ್ಡು ಎಲ್ಲ ದಂಡ.

ಖರ್ಚಿನ ಭಯ ಬೇಡ. ಒಪ್ಪಿದ ಮೇಲೆ ಅಂಗಾಂಗ ಕಾಪಾಡುವ, ತೆಗೆಯುವ ಖರ್ಚು ದಾನಿಯ ಮನೆಯವರದಲ್ಲ. ಅಪಘಾತದ ಕೇಸಾದರೂ ದಾನ ಮಾಡಬಹುದು, ಪೊಲೀಸರ ಕಾಗದಪತ್ರ ಒಂದಿಷ್ಟು ಜಾಸ್ತಿ ಅಷ್ಟೆ.

"ಕಿಡ್ನಿ ಕೊಡಿಸ್ತೀನಿ" ಅನ್ನುವ ಏಜೆಂಟ್ ಸಿಕ್ಕಿದರೆ ಫೋನ್ ಇಟ್ಟುಬಿಡಿ. ಮಾರಿದವರಿಗೂ ಕೊಂಡವರಿಗೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ.

ಕಣ್ಣಿನ ದಾನ ಸುಲಭ. ಮನೆಯಲ್ಲೇ ತೀರಿಕೊಂಡರೂ ಆಗುತ್ತದೆ. ಆರು ಗಂಟೆಯೊಳಗೆ ಕಣ್ಣಿನ ಬ್ಯಾಂಕಿನವರು ಬರಬೇಕು, ನೆಂಟರೆಲ್ಲ ಸೇರಲಿ ಅಂತ ಕಾಯಬೇಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆಗೆ ದಿಂಬು ಕೊಡಿ. ವೈದ್ಯರ ಮರಣ ಪತ್ರ ಕೈಯಲ್ಲಿರಲಿ.